ಹೊಸ ರಂಗಮಂದಿರದಲ್ಲಿ ನಾನು ಆಡಿದ ಮಾತು

ಪ್ರೀತಿಯ ಭಾವನವರಿಗೆ,

ನಿಮ್ಮ ಹೆಂಡತಿಯ ತಮ್ಮ ಶಿವಣ್ಣ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು, ಅಲ್ಲಿಯ ಕ್ಷೇಮ ತಿಳಿಸಿ ಎಂದು ಕೇಳುವುದು ವಾಡಿಕೆ. ನಿಮ್ಮ ಕಡೆಯಿಂದ ಉತ್ತರ ಬರುವ ಹಾಗಿಲ್ಲ. ನಮ್ಮ ಕಡೆಯದನ್ನು ಬರೆಯಲು ನನಗೆ ಮುಖವಿಲ್ಲ. ಆದ್ದರಿಂದ ಕ್ಷೇಮದ ಮಾತು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಭಾವ, ನಾನು ನಿಮ್ಮ ಮರ್ಯಾದೆ ಕಳೆದೆ. ತುಂಬಿದ ಸಭೆಯಲ್ಲಿ, ನಮ್ಮ ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಾಗ, ನಿಮ್ಮ ಮಗಳು ನಿಮ್ಮದೇ ವೇಷ ಹಾಕಿ ರಂಗದ ಮೇಲೆ ನಿಂತಿದ್ದಾಗ ಕಳೆದೆ. ಅದೂ ಎಲ್ಲಿ? ಚನ್ನಗಿರಿಯ ಹೊಸ ರಂಗಮಂದಿರದಲ್ಲಿ. ನೀವು ನೋಡದೆ ಹೋದ ಕಟ್ಟಡ ಅದು. ಅದರ ವಿಷಯವನ್ನೂ ಹೇಳಬೇಕು, ನನ್ನ ವಿಷಯವನ್ನೂ ಹೇಳಬೇಕು. ಕಟ್ಟಡದ ವಿಷಯ ಹೇಳುವುದು ಸುಲಭ, ಹಾಗಾಗಿ ಅದನ್ನೇ ಮೊದಲು ಹೇಳಿ ಕಾಲ ತಳ್ಳುತ್ತೇನೆ. ಬೈದುಕೊಳ್ಳಬೇಡಿ.

ಉಬ್ರಾಣಿಯಲ್ಲಿ ಎರಡು ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಜೋಡಿಸಿ ಸ್ಟೇಜು ಮಾಡಿದ್ದರಲ್ಲ, ನೆನಪಿದೆಯೇ? ನೀವು ಪಾಳೇಗಾರನ ವೇಷದಲ್ಲಿ ಕತ್ತಿ ಹಿರಿದು ಮುಂದೆ ಬಂದಿರಿ, ಬಲಗಾಲು ಎರಡು ಟ್ರೇಲರ್‌ಗಳ ಸಂದಿಗೆ ಹೋಯಿತು. ಜನ ನಗಬೇಕೋ ಬೇಡವೋ ಎಂದು ನೋಡುತ್ತಿದ್ದರು. ನೀವು ಮಾತ್ರ ಆ ಕಾಲನ್ನು ಅಲ್ಲೇ ಬಿಟ್ಟು, ಬೇಕೆಂದೇ ಕೂತವರ ಹಾಗೆ ಕೂತು, ಇಡೀ ದೃಶ್ಯ ಮುಗಿಸಿದಿರಿ. ಪರದೆ ಬಿದ್ದ ಮೇಲೆ ನಾವೆಲ್ಲ ಸೇರಿ ನಿಮ್ಮನ್ನು ಎಳೆದು ತೆಗೆದೆವು. ತರಚಿಹೋದ ಮೊಣಕಾಲಿಗೆ ಅರಿಶಿನ ಮೆತ್ತಿಕೊಳ್ಳುತ್ತಾ ನೀವು ಹೇಳಿದ್ದು ಇದು: “ಒಂದು ದಿನ ನೆಟ್ಟಗಿರಾ ಸ್ಟೇಜಿನ ಮ್ಯಾಲೆ ನಿಂತು ಮೆಲ್ಲಕೆ ಮಾತಾಡ್ಬೇಕು ಕಣೋ ಶಿವಣ್ಣ. ಕೂಗಿ ಕೂಗಿ ಸಾಕಾಗೈತೆ.” ನಮ್ಮ ಮೈಕು ಆಗಾಗ ಕಿರುಚುತ್ತಿತ್ತು, ಜನರೇಟರು ಒಂದೇ ಸಮ ಬಡಿದುಕೊಳ್ಳುತ್ತಿತ್ತು, ಮಂಡಕ್ಕಿ ಮಾರುವವರ ಕೂಗು ಬೇರೆ. ಮೆಲ್ಲಗೆ ಮಾತಾಡುವ ನಾಟಕ ನಮಗೆ ಎಲ್ಲಿತ್ತು?

ಸಂತೇಬೆನ್ನೂರಿನ ಹೊಂಡದ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದ ಮಧ್ಯಾಹ್ನವೂ ಕಣ್ಣ ಮುಂದಿದೆ. ನಾವೆಲ್ಲ ರೊಟ್ಟಿ ಮುರಿಯುತ್ತಿದ್ದರೆ ನೀವು ನೀರಿನ ನಡುವಿನ ಮಂಟಪವನ್ನೇ ನೋಡುತ್ತಿದ್ದಿರಿ. ಒಮ್ಮೆ ಕೆಳಗಿನ ಮೆಟ್ಟಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಿರಿ, ಒಮ್ಮೆ ಮೇಲೆ ಹೋಗಿ ತಟ್ಟಿದಿರಿ. ಇದನ್ನು ಕಟ್ಟಿದವನಿಗೆ ಒಳ್ಳೆಯ ಕಣ್ಣಿತ್ತು ಎಂದು ಅಕ್ಕ ಅಂದದ್ದಕ್ಕೆ, ಕಣ್ಣಷ್ಟೇ ಅಲ್ಲ ಕಿವಿಯೂ ಇತ್ತು ಅಂದಿರಿ. ಯಾವ ಊರಿಗೆ ನಾಟಕಕ್ಕೆ ಹೋದರೂ ನಿಮ್ಮದು ಇದೇ ಚಾಳಿ. ನ್ಯಾಮತಿಯಲ್ಲಿ ಯಾರದೋ ಗೋಡೌನು, ಜಗಳೂರಿನಲ್ಲಿ ಶಾಲೆಯ ಪಡಸಾಲೆ, ಎಲ್ಲ ಕಡೆ ಗೋಡೆ ತಟ್ಟಿ, ಚಾವಣಿ ನೋಡಿ, ಇಲ್ಲಿ ಮಾತು ನಿಲ್ಲುತ್ತದೆ, ಇಲ್ಲಿ ಓಡಿಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಿರಿ. ನಲ್ಲೂರಿನಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿಯವರಿಗೆ ಈ ಉಸಾಬರಿ ಯಾಕೆ ಎಂದು ನಿಮ್ಮನ್ನು ಎಷ್ಟು ಕಿಚಾಯಿಸಿಲ್ಲ ನಾನು?

ನಿಮ್ಮ ಸುಮ ನ್ಯಾಮತಿಯಿಂದ ಫೋನು ಮಾಡಿದಾಗ ನಾನು ನನ್ನ ಹಿಟ್ಟಿನ ಗಿರಣಿಯಲ್ಲಿದ್ದೆ. ಅವಳು ಅಲ್ಲಿ ಅಂಗನವಾಡಿ ಟೀಚರ್ ಆಗಿರುವುದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದೇನೆಂದರೆ, ನೀವು ಹೋದ ಮೇಲೆ ಅವಳು ನಿಮ್ಮ ಪಾಳೇಗಾರನ ನಾಟಕವನ್ನು ಕಲಿಯತೊಡಗಿದ್ದಳು. ಚನ್ನಗಿರಿಯಲ್ಲಿ ಹೊಸ ರಂಗಮಂದಿರ ತೆರೆದಿದೆ, ನಮ್ಮ ತಂಡಕ್ಕೆ ಒಂದು ಸಂಜೆ ಸಿಕ್ಕಿದೆ, ಅಪ್ಪನ ನೆನಪಿಗೆ ಆಡೋಣ, ಪಾಳೇಗಾರ ನಾನೇ ಎಂದಳು. ಹೆಣ್ಣುಮಗಳು ಮೀಸೆ ಅಂಟಿಸಿಕೊಂಡು ಆ ಪಾತ್ರ ಮಾಡುವುದು ಹೇಗೆ ಎಂದು ನಾನು ಅನುಮಾನಪಟ್ಟೆ. ನೀವು ಪ್ರಾಯದಲ್ಲಿ ರಾಣಿಯ ಪಾತ್ರ ಮಾಡಿ ಸೀರೆ ತುಳಿದು ಬಿದ್ದದ್ದನ್ನು ಅವಳು ನೆನಪಿಸಿದಳು. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಅವತ್ತು ಮುಚ್ಚಿದ್ದು ಹಾಗೇ ಮುಚ್ಚಿದ್ದಿದ್ದರೆ…

ಪ್ರಯೋಗದ ದಿನ ಬೆಳಿಗ್ಗೆ ಸಾಮಾನಿನ ಗಾಡಿಯಿಂದ ಇಳಿದು ಅದನ್ನು ಮೊದಲ ಸಲ ನೋಡಿದೆ. ಭಾವ, ಹೊರಗಿನಿಂದ ಒಂದಿಷ್ಟೂ ಜಂಬವಿಲ್ಲ. ಗೋಪುರವಿಲ್ಲ, ಫಳಫಳ ಗಾಜಿಲ್ಲ, ಬಾಗಿಲ ಎರಡು ಕಡೆ ಸಿಮೆಂಟಿನ ಆನೆಗಳಿಲ್ಲ. ನಮ್ಮ ಕಡೆಯ ಗುಡ್ಡದ್ದೇ ಒರಟು ಕಲ್ಲು, ಗಾರೆ ಬಳಿಯದೆ ಹಾಗೇ ಬಿಟ್ಟಿದ್ದಾರೆ. ಅಲ್ಲಿ ಮೊದಲಿಂದ ಇದ್ದ ಬೇವಿನ ಮರವನ್ನು ಕಡಿಯದೆ ಗೋಡೆಯನ್ನೇ ಬಳಸಿ ತಿರುಗಿಸಿದ್ದಾರೆ. ಗೋಡೆ ಆ ಮರಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ ಹಾಗೆ ಕಾಣುತ್ತದೆ. ಒಳಗೆ ಹೋಗುವ ಮೊಗಸಾಲೆ ತಗ್ಗಾಗಿದೆ, ತುಸು ಕತ್ತಲೆಯೂ ಇದೆ. ಇಷ್ಟು ಖರ್ಚು ಮಾಡಿ ಇಲ್ಲೇಕೆ ಜುಗ್ಗತನ ಎಂದುಕೊಳ್ಳುತ್ತಾ ಹೆಜ್ಜೆ ಹಾಕಿದೆ. ಅದನ್ನು ದಾಟಿದ ಕೂಡಲೇ ಸಭಾಂಗಣ ಒಮ್ಮೆಲೇ ತೆರೆದುಕೊಂಡಿತು. ಆಗ ಆ ತಗ್ಗು ಯಾಕೆ ಎಂದು ತಿಳಿಯಿತು. ತಲೆ ಬಗ್ಗಿಸಿ ಬಂದವನು ತಾನಾಗಿ ತಲೆ ಎತ್ತಬೇಕು, ಅದಕ್ಕೆ.

ಕಂಬ ಒಂದೂ ಇಲ್ಲ. ಜಗಳೂರಿನ ಪಡಸಾಲೆಯಲ್ಲಿ ಕಂಬದ ಹಿಂದೆ ಕೂತವರು ನಾಟಕವಿಡೀ ಕತ್ತು ಆಚೆ ಈಚೆ ಮಾಡುತ್ತಿದ್ದರಲ್ಲ, ಇಲ್ಲಿ ಆ ಪಾಡಿಲ್ಲ. ಕುರ್ಚಿಗಳ ಸಾಲು ಹೊಂಡದ ಮೆಟ್ಟಿಲಿನ ಹಾಗೆ ಇಳಿಯುತ್ತಾ ರಂಗದ ಅಂಚಿಗೆ ಬರುತ್ತದೆ. ಎಲ್ಲಿ ಕೂತರೂ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ನಾನು ಒಂದೊಂದು ಮೂಲೆಯಲ್ಲೂ ಕೂತು ನೋಡಿದೆ. ಗೋಡೆಗೆ ಮರದ ಪಟ್ಟಿಗಳು, ಒಂದು ದಪ್ಪ, ಒಂದು ತೆಳು, ನಡುವೆ ಒಂದೇ ಅಳತೆ ಇಲ್ಲದ ಸಂದು. ಬಡಗಿ ಕೈತಪ್ಪಿ ಹೊಡೆದಿದ್ದಾನೆ ಎಂದುಕೊಂಡಿದ್ದೆ. ಅಲ್ಲವಂತೆ, ಮಾತು ಗೋಡೆಗೆ ಬಡಿದು ಗದ್ದಲವಾಗದೆ ಹರಡಿಕೊಳ್ಳಲಿ ಎಂದು ಹಾಗೆ ಮಾಡಿದ್ದಂತೆ. ಮೇಲೆ ಚಾವಣಿಯ ಹಲಗೆಗಳು ರಂಗದ ಕಡೆಯಿಂದ ಹಿಂದಿನ ಸಾಲಿನವರೆಗೆ ಅಲೆಯಲೆಯಾಗಿ ಬಾಗಿವೆ. ರಂಗಕ್ಕೂ ಮರದ ನೆಲ, ಒಂದು ಮೊಳೆಯೂ ಮೇಲೆ ಕಾಣುವುದಿಲ್ಲ. ಚಪ್ಪಲಿ ಬಿಟ್ಟು ಹತ್ತಿದೆ. ಕಾಲ ಕೆಳಗೆ ನೆಲ ಗಟ್ಟಿಯಾಗಿತ್ತು, ಆದರೆ ಕಲ್ಲಿನ ಹಾಗೆ ಪ್ರಾಣವಿಲ್ಲದ ಗಟ್ಟಿಯಲ್ಲ. ಹಿಂದೆ ಬಣ್ಣದ ಮನೆಗಳು ಎರಡು, ಹೆಂಗಸರಿಗೆ ಬೇರೆ. ಅದಕ್ಕೆ ಒಳಚಿಲಕ, ಕನ್ನಡಿಯ ಸುತ್ತ ದೀಪ, ನಲ್ಲಿಯಲ್ಲಿ ನೀರು. ಸುಮ ಆ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ದನದ ಕೊಟ್ಟಿಗೆಯಲ್ಲಿ ಸೀರೆ ಅಡ್ಡ ಹಿಡಿಸಿಕೊಂಡು ವೇಷ ಬದಲಿಸುತ್ತಿದ್ದ ನಮ್ಮ ತಂಡದ ಹೆಂಗಸರು ನನಗೆ ನೆನಪಾದರು. ನಿಜ ಹೇಳುತ್ತೇನೆ ಭಾವ, ನನಗೆ ಅಳು ಬಂತು. ಇಷ್ಟು ಅಂದವಾದದ್ದನ್ನು ನಮಗಾಗಿ ಯಾರಾದರೂ ಕಟ್ಟಿಯಾರು ಎಂದು ನಾನು ಎಣಿಸಿರಲಿಲ್ಲ. ನೀವಿಲ್ಲದೆ ನಾನೊಬ್ಬನೇ ಅದರಲ್ಲಿ ನಿಂತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಅದು ಆ ದಿನದ ಮೊದಲನೆಯ ನಾಚಿಕೆ, ಸಣ್ಣದು.

ಸುಮ ಮೇಲೆ ಕೊನೆಯ ಸಾಲಿಗೆ ಹೋಗಿ ನಿಂತು, ಏನಾದರೂ ಮೆಲ್ಲಗೆ ಹೇಳಿ ಎಂದಳು. ಊಟ ಆಯಿತೇ ಎಂದು ನನ್ನ ಕೈಲಾದಷ್ಟು ಸಣ್ಣ ದನಿಯಲ್ಲಿ ಕೇಳಿದೆ. ಇನ್ನೂ ಇಲ್ಲ ಎಂದು ಅವಳು ಅಷ್ಟೇ ಸಣ್ಣಗೆ ಅಲ್ಲಿಂದ ಉತ್ತರ ಕೊಟ್ಟಳು. ಗಿರಣಿಯ ಸದ್ದಿಗೆ ಅರ್ಧ ಮುಚ್ಚಿಹೋಗಿರುವ ನನ್ನ ಕಿವಿಗೂ ಅದು ಸ್ಪಷ್ಟವಾಗಿ ಬಿತ್ತು. ಮೈಕಿಲ್ಲ ಭಾವ, ಏನೂ ಇಲ್ಲ. ಚಿಕ್ಕ ಮಕ್ಕಳ ಹಾಗೆ ನಾವು ಅಲ್ಲಿಂದಿಲ್ಲಿಗೆ ಪಿಸುಗುಟ್ಟುತ್ತಾ ಎಷ್ಟೋ ಹೊತ್ತು ಆಡಿದೆವು. ಕಟ್ಟಡದ ಮಹಿಮೆಯನ್ನು ನಾನೇ ಪರೀಕ್ಷೆ ಮಾಡಿ, ನಾನೇ ಹೊಗಳಿ, ಬಂದವರಿಗೆಲ್ಲ ನಾನೇ ತೋರಿಸಿದೆ. ಇದನ್ನು ಯಾಕೆ ಬಿಡಿಸಿ ಹೇಳುತ್ತಿದ್ದೇನೆಂದರೆ, ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಲು ನನಗೆ ದಾರಿಯೇ ಇಲ್ಲ.

ಸಾಮಾನು ಇಳಿಸಿ ಚಹಾ ಕುಡಿಯುವಾಗ ಸುಮ ನನ್ನ ಪಕ್ಕ ಬಂದು ಕೂತಳು. “ಮಾಮ, ಮಾತೆಲ್ಲ ನಂಗೆ ಬಾಯಿಗೆ ಬಂದೈತೆ. ನೀವು ಈ ಸಲ ಅವ್ವನ ಪಕ್ಕ ಕೂತು ನಾಟ್ಕ ನೋಡ್ರಿ” ಎಂದಳು. ಎಷ್ಟು ನಯವಾಗಿ ಹೇಳಿದಳು ನೋಡಿ. ನನಗೆ ಮಾತ್ರ ಚುರ್ ಎಂದಿತು. ನಿಮ್ಮ ಎಲ್ಲ ನಾಟಕಗಳಲ್ಲೂ ಪಕ್ಕದ ಪರದೆಯ ಮರೆಯಲ್ಲಿ ನಿಂತು, ನಾಟಕದ ಪ್ರತಿ ಹಿಡಿದು, ಮಾತು ಹೇಳಿಕೊಟ್ಟವನು ನಾನು. ರುದ್ರಪ್ಪನಿಗೆ ಇಡೀ ನಾಟಕ ಬಾಯಿಪಾಠ, ಒಂದಕ್ಷರ ತಪ್ಪುವುದಿಲ್ಲ ಎಂದು ಹೊನ್ನಾಳಿಯಿಂದ ಜಗಳೂರಿನವರೆಗೆ ಜನ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗ ನೀವು ನನ್ನ ಕಡೆ ನೋಡಿ ಮೀಸೆಯಲ್ಲೇ ನಗುತ್ತಿದ್ದಿರಿ. ರಂಗದ ಮೇಲೆ ನೀವು ಮಾತಿನ ನಡುವೆ ನಿಂತು, ತಲೆ ವಾಲಿಸಿ ಪರದೆಯ ಕಡೆ ತಿರುಗುತ್ತಿದ್ದಿರಿ. ನಾನು ಮುಂದಿನ ಮಾತು ಎಸೆಯುತ್ತಿದ್ದೆ. ಪಾಳೇಗಾರ ಆಲೋಚನೆ ಮಾಡುತ್ತಿದ್ದಾನೆ ಎಂದು ಜನ ಉಸಿರು ಬಿಗಿಹಿಡಿಯುತ್ತಿದ್ದರು. ಈ ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ನನ್ನ ಹೆಂಡತಿಗೂ ನಾನು ಬಿಟ್ಟುಕೊಟ್ಟಿರಲಿಲ್ಲ. ಹಾಗೆ ಕಾಪಾಡಿದ ಜಾಗದಿಂದ ಎದ್ದು ಕುರ್ಚಿಯಲ್ಲಿ ಕೂರು ಎಂದರೆ ಹೇಗೆ? ಆಗುವುದಿಲ್ಲ, ನಾನು ಮರೆಯಲ್ಲೇ ನಿಲ್ಲುತ್ತೇನೆ ಎಂದೆ. ಸುಮ ಎದ್ದು ವೇಷದ ಪೆಟ್ಟಿಗೆ ಬಿಚ್ಚಲು ಹೋದಳು.

ಸಂಜೆ ಸಭಾಂಗಣ ತುಂಬಿತು. ನಲ್ಲೂರಿನವರು, ಉಬ್ರಾಣಿಯವರು, ಹೊನ್ನಾಳಿ ನ್ಯಾಮತಿಯ ನಿಮ್ಮ ಹಳೆಯ ಗೆಳೆಯರು, ಜಗಳೂರಿನಿಂದ ಟೆಂಪೋ ಮಾಡಿಕೊಂಡು ಬಂದವರು. ಅಕ್ಕ ಮುಂದಿನ ಸಾಲಿನಲ್ಲಿ ಹಸಿರು ಸೀರೆಯುಟ್ಟು ಕೂತಿದ್ದಳು. ಸುಮ ರಂಗಕ್ಕೆ ಬಂದಳು. ನೀವು ಅವಳಿಗೆ ನಡಿಗೆ ಯಾವಾಗ ಕಲಿಸಿದಿರಿ? ಎಡಗೈ ಸೊಂಟದ ಹಿಂದೆ ಕಟ್ಟಿಕೊಂಡು, ಮಾತು ಶುರು ಮಾಡುವ ಮೊದಲು ಒಮ್ಮೆ ನೆಲ ನೋಡಿ… ನನ್ನ ಪಕ್ಕ ನಿಂತಿದ್ದ ಮೇಕಪ್ಪಿನ ಕರಿಬಸಪ್ಪ ಕಣ್ಣೊರೆಸಿಕೊಂಡ. ಒಂದು ಮಾತೂ ಅವಳಿಗೆ ನನ್ನಿಂದ ಬೇಕಾಗಲಿಲ್ಲ. ಪ್ರತಿ ನನ್ನ ಕೈಯಲ್ಲಿ ಸುಮ್ಮನೆ ತೆರೆದಿತ್ತು. ಸಂತೋಷಪಡಬೇಕಾದವನು ನಾನು, ಬೇಡವಾದ ನೆಂಟನ ಹಾಗೆ ಒಳಗೊಳಗೇ ಸಿಡಿಮಿಡಿಗೊಳ್ಳುತ್ತಿದ್ದೆ.

ಕೋಟೆ ಬೀಳುವ ದೃಶ್ಯ ಬಂತು. ನೀವು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ ಸುಮ ನಿಂತಳು. ತಲೆ ವಾಲಿಸಿ ನನ್ನ ಕಡೆಗೇ ತಿರುಗಿದಳು. ಸಿಕ್ಕಿಬಿದ್ದಳು, ಮರೆತಳು ಎಂದುಕೊಂಡು ನಾನು ಮುಂದಿನ ಮಾತು ಹೇಳಿಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗಲೂ ತೆಗೆದುಕೊಳ್ಳಲಿಲ್ಲ. ನನ್ನ ಸಿಟ್ಟು, ನನ್ನ ಜಂಬ, ಬೆಳಗಿನಿಂದ ನುಂಗಿಕೊಂಡದ್ದು ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಪರದೆಯ ಹಿಂದೆ ನಿಂತರೆ ಹರಟೆ ಹೊಡೆಯುವುದು ನಮಗೆ ಮೊದಲಿಂದಲೂ ರೂಢಿಯಲ್ಲವೇ? ಬಯಲಿನಲ್ಲಿ ಆ ಜನರೇಟರಿನ ಸದ್ದಿಗೆ ಯಾರಿಗೆ ಕೇಳುತ್ತಿತ್ತು? ಕರಿಬಸಪ್ಪನ ಕಡೆ ತಿರುಗಿ ಹೇಳಿದೆ:

“ಇವಳೂ ಅಪ್ಪನ ಮಗಳೇ ಬಿಡು. ರುದ್ರಪ್ಪಂಗೆ ಒಂದು ಮಾತೂ ನೆಟ್ಟಗೆ ಬರ್ತಿರ್ಲಿಲ್ಲ. ಅಷ್ಟು ವರ್ಷ ಮಾತಾಡಿದ್ದೆಲ್ಲ ನಾನು, ಅವ್ನು ಬಾಯಿ ಆಡಿಸ್ತಿದ್ದ ಅಷ್ಟೆ.”

ಗಿರಣಿಯವನ ಪಿಸುಮಾತು ಬೇರೆಯವರ ಮಾತಿಗೆ ಸಮ ಎಂದು ನಮ್ಮ ಮನೆಯಲ್ಲಿ ನಗುತ್ತಾರೆ. ಅಷ್ಟು ಅಂದವಾದ ಆ ಚಾವಣಿ, ಆ ಹಲಗೆ, ಆ ಪಟ್ಟಿಗಳು ನನ್ನ ಮಾತನ್ನು ಒಂದಕ್ಷರ ಬಿಡದೆ ಎತ್ತಿಕೊಂಡು ಹೋಗಿ ಎಲ್ಲ ಸಾಲಿಗೂ ಹಂಚಿದವು. ಕರಿಬಸಪ್ಪ ನನ್ನ ಬಾಯಿಗೆ ಕೈ ಅಡ್ಡ ಇಟ್ಟ. ಆಗಲೇ ತಡವಾಗಿತ್ತು. ಮೊದಲು ಮೇಲಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇನ್ನಷ್ಟು ಜನ. ಸುಮ ಕತ್ತು ತಿರುಗಿಸದೆ ಹಾಗೇ ನಿಂತಿದ್ದಳು. ನಗು ಪೂರ್ತಿ ಅಡಗುವವರೆಗೂ ಕಾದು, ತನ್ನ ಮಾತನ್ನು ತಾನೇ ಎತ್ತಿಕೊಂಡು, ದೃಶ್ಯವನ್ನು ಕೊನೆ ಮುಟ್ಟಿಸಿದಳು. ಅವಳು ಮರೆತಿರಲೇ ಇಲ್ಲ ಭಾವ. ನಿಮ್ಮ ಹಾಗೆ ನಿಂತಿದ್ದಳು, ಅಷ್ಟೇ. ನಾನು ಪರದೆಯ ಸಂದಿಯಿಂದ ಅಕ್ಕನನ್ನು ನೋಡಿದೆ. ಅವಳು ರಂಗವನ್ನು ನೋಡುತ್ತಿರಲಿಲ್ಲ. ತೊಡೆಯ ಮೇಲಿದ್ದ ತನ್ನ ಕೈಗಳನ್ನು ನೋಡುತ್ತಿದ್ದಳು.

ನಾಟಕ ಮುಗಿದ ಮೇಲೆ ಎಲ್ಲರೂ ಸುಮಳನ್ನು ಮುತ್ತಿಕೊಂಡರು. ನಾನು ಹಿಂದಿನ ಬಾಗಿಲಿಂದ ಜಾರಿಕೊಂಡೆ. ಬೆಳಿಗ್ಗೆ ಕೈಯಾಡಿಸಿ ಹೊಗಳಿದ ಗೋಡೆಯ ಪಕ್ಕದಲ್ಲೇ ಕಳ್ಳನ ಹಾಗೆ ನಡೆದು ಬಸ್‌ಸ್ಟ್ಯಾಂಡಿಗೆ ಹೋದೆ. ಅಲ್ಲಿಗೆ ಮುಗಿಯಲಿಲ್ಲ. ಮರುದಿನ ನಲ್ಲೂರಿನ ಹೋಟೆಲಿನಲ್ಲಿ ಯಾರೋ, ಪಾಳೇಗಾರ ನೀವೇ ಅಂತಲ್ಲರೀ ಎಂದು ನನ್ನನ್ನೇ ಕೇಳಿದರು. ಬಾಯಿ ಆಡಿಸೋ ರುದ್ರಪ್ಪ ಎಂಬ ಹೆಸರು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹೋಯಿತು. ಕೇಳಿದವರು ನಕ್ಕರು. ಜೀವಮಾನವಿಡೀ ಟ್ರೇಲರ್ ಮೇಲೆ, ಹಲಗೆ ಮೇಲೆ, ಧೂಳಿನ ಮೇಲೆ ನಿಂತು ನೀವು ಸಂಪಾದಿಸಿದ್ದು ಅದೊಂದೇ ಅಲ್ಲವೇ, ಹೆಸರು? ಅದನ್ನು ನಾನು ಒಂದು ಉಸಿರಿನಲ್ಲಿ ಚಹಾದ ಜೊತೆಗೆ ನಂಚಿಕೊಳ್ಳಲು ಕೊಟ್ಟುಬಿಟ್ಟೆ. ಎದ್ದು ಗದರಿಸಲೂ ನನಗೆ ಬಾಯಿ ಬರಲಿಲ್ಲ. ಏನೆಂದು ಗದರಿಸಲಿ? ಹೇಳಿದವನು ನಾನೇ, ಹೇಳಿದ್ದೂ ನಿಜವೇ ಎಂದುಕೊಂಡಿದ್ದೆ.

ಅಕ್ಕ ರಾಗಿಯ ಚೀಲ ಹಿಡಿದು ಗಿರಣಿಗೆ ಬಂದದ್ದು ಅದೇ ಮಧ್ಯಾಹ್ನ. ಬೀಸಿಸಲು ಬಂದಿದ್ದಾಳೆ ಎಂದು ನಾನು ಚೀಲಕ್ಕೆ ಕೈ ಹಾಕಿದೆ. ಅವಳು ಕೊಡಲಿಲ್ಲ. ಮೋಟಾರು ನಿಲ್ಲಿಸು ಎಂದು ಕೈಸನ್ನೆ ಮಾಡಿದಳು. ನಿಲ್ಲಿಸಿದೆ. ಬೆಲ್ಟು ತಿರುಗಿ ತಿರುಗಿ ನಿಲ್ಲುವವರೆಗೂ ಅವಳು ಕಾದಳು.

“ಅವ್ನು ಅಂದ್ಯಲ್ಲೋ” ಎಂದಳು. “ನಿನ್ ಬಾಯಾಗೆ ಅವರನ್ನ ಅವ್ನು ಅನ್ನಾಕೆ ಹೆಂಗೆ ಬಂತು?”

ನಾನು ತಲೆ ಎತ್ತಲಿಲ್ಲ. ತಪ್ಪಾಯಿತು ಎಂದೆ. ಹಾಗೆ ಅನ್ನಬಾರದಿತ್ತು, ಆದರೆ ಹೇಳಿದ ವಿಷಯ ಸುಳ್ಳಲ್ಲವಲ್ಲ ಅಕ್ಕ ಎಂದೂ ಸೇರಿಸಿದೆ. ಆ ಹೊತ್ತಿನಲ್ಲೂ ನನ್ನ ಜಂಬ ಸತ್ತಿರಲಿಲ್ಲ ನೋಡಿ. ಅಕ್ಕ ಚೀಲದ ಮೇಲೆ ಕೂತಳು. ಅವಳ ಸಿಟ್ಟು ಇಳಿದುಹೋಗಿತ್ತು. ಈಗ ಹೇಳಲೋ ಬೇಡವೋ ಎಂದು ಯೋಚಿಸುವವಳ ಹಾಗೆ ಕಂಡಳು.

“ಅವರಿಗೆ ನಾಟ್ಕ ಪೂರಾ ಬಾಯಿಗೆ ಬರ್ತಿತ್ತು ಕಣೋ ಶಿವೂ. ಅವರದ್ದಷ್ಟೇ ಅಲ್ಲ, ಎಲ್ರ ಮಾತೂ. ತಂತಿ ಸುತ್ತೋವಾಗ ಒಂದು ಎರಡು ಅಂತ ಎಣಿಸ್ತಿರ್ಲಿಲ್ಲ ಅವರು. ನಾಟ್ಕದ ಮಾತು ಒಪ್ಪಿಸ್ಕಂತ ಸುತ್ತೋರು. ಪಾಳೇಗಾರನ ದೊಡ್ಡ ಮಾತು ಮುಗಿದ್ರೆ ಇಷ್ಟು ಸುತ್ತು ಆಗೈತೆ ಅಂತ ಅವರಿಗೆ ಲೆಕ್ಕ. ದಿನಾ ಕೇಳಿ ಕೇಳಿ ನಂಗೂ ಬರ್ತೈತೆ.”

ಹಾಗಾದರೆ ರಂಗದ ಮೇಲೆ ಯಾಕೆ ಮರೆಯುತ್ತಿದ್ದರು ಎಂದು ಕೇಳಿದೆ. ಕೇಳುತ್ತಿದ್ದ ಹಾಗೆಯೇ ಉತ್ತರ ನನಗೆ ಹೊಳೆಯತೊಡಗಿತ್ತು, ಆದರೂ ಕೇಳಿದೆ. ಅಕ್ಕ, ಹೊನ್ನಾಳಿ ನೆನಪು ಮಾಡ್ಕೋ ಎಂದಳು. ನಿನಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು, ಇವತ್ತು ಅದನ್ನು ಮುರಿದೆ ಎಂದು ಚೀಲ ಹಿಡಿದು ಎದ್ದಳು. ರಾಗಿ ಬೀಸಿಸದೆಯೇ ಹೋದಳು.

ಹೊನ್ನಾಳಿ ನನಗೆ ಮರೆತೇ ಹೋಗಿತ್ತೇ, ಅಥವಾ ನಾನೇ ಬೇಕೆಂದು ಮರೆತಿದ್ದೆನೇ? ನನ್ನ ಮೊದಲ ವೇಷ ಅದು, ಕೊನೆಯದೂ ಅದೇ. ಕೋಟೆ ಬಿದ್ದ ಸುದ್ದಿ ತರುವ ದೂತ. ಓಡಿ ಬಂದು ಮಂಡಿಯೂರಿ ನಾಲ್ಕು ಮಾತು ಹೇಳಬೇಕು. ಓಡಿ ಬಂದೆ, ಮಂಡಿಯೂರಿದೆ, ಎದುರಿನ ಜನ ಕಂಡರು. ನಾಲಗೆ ಅಂಟಿಕೊಂಡಿತು. ಸೀಟಿ ಬಿದ್ದವು. ನೀವು ಸಿಂಹಾಸನದಿಂದ ಇಳಿದು ಬಂದು ನನ್ನ ಭುಜ ಹಿಡಿದು, “ದೂತನೇ, ನಿನ್ನ ಮೌನವೇ ಸಾಕು, ಕೋಟೆ ಬಿದ್ದಿತೆಂದು ತಿಳಿಯಿತು” ಎಂದಿರಿ. ಆ ಮಾತು ನಾಟಕದಲ್ಲಿ ಇರಲೇ ಇಲ್ಲ. ಜನ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಮರುದಿನದಿಂದ ತಾಲೀಮಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ನ್ಯಾಮತಿಯ ನಾಟಕಕ್ಕೆ ಮುಂಚೆ ನೀವೇ ಗಿರಣಿಗೆ ಬಂದಿರಿ. ಯಾಕೋ ಇತ್ತೀಚೆಗೆ ಮಾತು ಮರೆತು ಹೋಗುತ್ತಿದೆ, ನೀನು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಮಾತ್ರ ನಾಟಕ, ಇಲ್ಲದಿದ್ದರೆ ಇಲ್ಲ ಎಂದಿರಿ. ನಾನು ಎಷ್ಟು ಬಿಗುಮಾನದಿಂದ ಒಪ್ಪಿಕೊಂಡೆ! ನಿಮ್ಮನ್ನು ಉದ್ಧಾರ ಮಾಡುವವನ ಹಾಗೆ ಬಂದು ನ್ಯಾಮತಿಯ ಪರದೆಯ ಹಿಂದೆ ನಿಂತೆ. ನಿಮ್ಮ ಅಂಗಡಿಗೆ ನಾನು ಬಂದ ಕೂಡಲೇ ನಿಮ್ಮ ತುಟಿ ನಿಲ್ಲುತ್ತಿತ್ತಲ್ಲ, ನಾನು ಬಂದು ಎಣಿಕೆ ತಪ್ಪಿಸಿದೆನೇನೋ ಎಂದು ಪ್ರತಿ ಸಲವೂ ಕೇಳುತ್ತಿದ್ದೆ. ಇಲ್ಲಪ್ಪ, ಕೂತ್ಕೋ ಎನ್ನುತ್ತಿದ್ದಿರಿ. ಎಷ್ಟು ವರ್ಷ ಭಾವ? ಒಬ್ಬ ಹೆದರುಪುಕ್ಕಲ ತಂಡದಲ್ಲಿ ಉಳಿಯಲಿ ಎಂದು, ಬರುವ ಮಾತನ್ನು ಬಾರದ ಹಾಗೆ ನಿಲ್ಲಿಸಿಕೊಂಡು ನಿಂತಿರಲ್ಲ. ನೀವು ಆಡಿದ ದೊಡ್ಡ ನಾಟಕ ಅದೇ ಇರಬೇಕು. ಅದನ್ನು ನಂಬಿದವನು ನಾನೊಬ್ಬನೇ.

ಸುಮಳಿಗೆ ಫೋನು ಮಾಡಲು ನನಗೆ ಧೈರ್ಯ ಬಂದದ್ದು ಎಷ್ಟೋ ದಿನದ ಮೇಲೆ. ಮೊದಲ ಪ್ರಯೋಗಕ್ಕೆ ಬರಲಾಗದವರು ಕೇಳಿದರೆಂದು ರಂಗಮಂದಿರದವರು ಇನ್ನೊಂದು ಸಂಜೆ ಕೊಟ್ಟಿದ್ದರು. ನಾನು ಮರೆಯಲ್ಲಿ ನಿಲ್ಲುವುದಿಲ್ಲ ಎಂದೆ. ಪರದೆ ಏಳುವ ಮೊದಲು ಅದರ ಮುಂದೆ ನಿಂತು ನಾನು ಜನಕ್ಕೆ ಒಂದು ಮಾತು ಹೇಳಬೇಕು ಎಂದೆ. ಹೇಳಾಕೆ ಆಗ್ತೈತಾ ಮಾಮ ಎಂದು ಕೇಳಿದಳು. ಅವಳಿಗೂ ಹೊನ್ನಾಳಿಯ ಕಥೆ ಗೊತ್ತು, ಮನೆಯಲ್ಲಿ ನನ್ನನ್ನು ಬಿಟ್ಟು ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲಮ್ಮ ಎಂದೆ. ಅಕ್ಕ ಬೇಡವೆಂದಳು. ಊರವರ ಬಾಯಿ ತಾನಾಗಿ ಮುಚ್ಚುತ್ತದೆ, ನೀನು ಯಾಕೆ ನಿನ್ನ ಮರ್ಯಾದೆ ಕಳೆದುಕೊಳ್ಳುತ್ತೀಯ ಎಂದಳು. ಕಳೆದ ಮರ್ಯಾದೆ ನನ್ನದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ಆ ಸಂಜೆ ಬಂದದ್ದು ಮೊನ್ನೆ. ಅದಕ್ಕೇ ಈ ಕಾಗದ. ಪರದೆಯ ಮುಂದೆ ನನ್ನನ್ನು ನಿಲ್ಲಿಸಿ ದೀಪ ಹಾಕಿದರು. ಹೇಳಬೇಕಾದದ್ದನ್ನು ಗಿರಣಿಯಲ್ಲಿ, ಬಸ್ಸಿನಲ್ಲಿ, ಬಣ್ಣದ ಮನೆಯಲ್ಲಿ ಸಾಲುಸಾಲಾಗಿ ಒಪ್ಪಿಸಿಕೊಂಡು ಬಂದಿದ್ದೆ. ನಿಂತ ಕೂಡಲೇ ಎಲ್ಲ ಹೋಯಿತು. ಮೊದಲ ಮಾತು ಯಾವುದು ಎಂಬುದೂ ಹೋಯಿತು. ಜನ ಕಾದರು, ಒಬ್ಬರೂ ಸೀಟಿ ಹಾಕಲಿಲ್ಲ. ಪಕ್ಕದ ಮರೆಯಲ್ಲಿ ಯಾರೂ ಇರಲಿಲ್ಲ, ಯಾರನ್ನೂ ನಿಲ್ಲಿಸಬೇಡ ಎಂದು ಸುಮಳಿಗೆ ನಾನೇ ಹೇಳಿದ್ದೆ. ಕೈ ಮುಗಿದೆ. ಒಪ್ಪಿಸಿಕೊಂಡಿದ್ದ ಯಾವ ಸಾಲೂ ಬರಲಿಲ್ಲ, ಬೇರೆಯದೇ ಬಂತು.

“ಅವತ್ತು ಈ ಪರದೆ ಹಿಂದೆ ನಾನು ಸುಳ್ಳು ಹೇಳ್ದೆ. ನಮ್ಮ ಭಾವಂಗೆ ಇಡೀ ನಾಟ್ಕ ಬರ್ತಿತ್ತು, ಏನೂ ಬರ್ದೇ ಇದ್ದೋನು ನಾನು. ನನ್ನ ಜೊತಿಗಿಟ್ಕಳಾಕೆ ಅವರು ಮರೆತಂಗೆ ನಿಲ್ಲೋರು.”

ಇಷ್ಟೇ ನನ್ನಿಂದ ಆದದ್ದು. ಇಳಿದು ಬಂದು ಅಕ್ಕನ ಪಕ್ಕ ಕೂತೆ. ಪರದೆ ಎದ್ದಿತು. ನಿಮ್ಮ ಹೆಸರು ಹೋಟೆಲಿನ ಬೆಂಚುಗಳಿಂದ ಪೂರ್ತಿ ಎದ್ದು ಬಂದಿದೆಯೋ ಇಲ್ಲವೋ ನನಗೆ ತಿಳಿಯದು. ನಾಚಿಕೆ ಹೋಗಿಲ್ಲ, ಹೋಗುವುದೂ ಬೇಡ. ಆದರೆ ನೀವು ಕೇಳದೆ ಹೋದ ಸುದ್ದಿ ಒಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ. ನಿಮ್ಮ ಶಿವಣ್ಣ ಜನರ ಎದುರು ನಿಂತು ಮಾತಾಡಿದ, ಭಾವ. ಯಾರೂ ಹೇಳಿಕೊಡಲಿಲ್ಲ.

ನಿಮ್ಮ,
ಶಿವಣ್ಣ